ತಮಟೆ ಇಟ್ಟವರು, ಬೇಸ್ ಗಿಟಾರ್ ಮಾರಿದವರು



ನಾನು ಬಿ.ಎ.ನಲ್ಲಿ ಇತಿಹಾಸ ಓದುತ್ತಿರೋದರಿಂದ ಈ ಸಂಚಿಕೆಗೆ ಹೇಮಾವತಿಯ ನೊಳಂಬರ ಬಗ್ಗೆ ಬರೆದುಕೊಡ್ತೀನಿ ಅಂತ ಸಂಘದ ಅಣ್ಣಂದಿರು ಅಂದುಕೊಂಡಿದ್ದರು. ನೊಳಂಬರ ಮೇಲೆ ಬರೆಯೋಕೆ ಪ್ರೊಫೆಸರುಗಳು ಇದ್ದಾರೆ. ನಮ್ಮ ಕೇರಿಯ ಗೋಡೆ ಮೇಲೆ ತೂಗಾಡುತ್ತಿದ್ದ ತಮಟೆ ಎಲ್ಲಿ ಹೋಯಿತು, ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದ ಗಿಟಾರ್ ಯಾರ ಮನೆ ಸೇರಿತು ಅನ್ನೋದನ್ನ ಬರೆಯೋರು ಯಾರೂ ಕಾಣಲಿಲ್ಲ. ಅದಕ್ಕೆ ನಾನು ಅದನ್ನೇ ತಗೊಂಡೆ.

ಮೊದಲು ಊರಿನ ವಿಷಯ. ರಾಯದುರ್ಗ 1953ರ ತನಕ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆ ವರ್ಷ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಆದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದ ಪಾಲಿಗೆ ಬಂದವು, ಬಳ್ಳಾರಿ ಮೈಸೂರಿಗೆ ಹೋಯಿತು. ನಮ್ಮ ಮಡಕಶಿರಕ್ಕೆ ಮೂರು ಕಡೆಯಿಂದಲೂ ಕರ್ನಾಟಕ: ಶಿರಾ, ಮಧುಗಿರಿ, ಪಾವಗಡ. 2022ರ ಏಪ್ರಿಲ್‌ನಿಂದ ಕಾಗದದ ಮೇಲೆ ನಾವು ಶ್ರೀ ಸತ್ಯಸಾಯಿ ಜಿಲ್ಲೆಯವರು. ಆದರೂ ಯಾರಾದರೂ ಕೇಳಿದರೆ ಬಾಯಿಗೆ ಅನಂತಪುರ ಅಂತಲೇ ಬರುತ್ತೆ. ರಾಯದುರ್ಗಕ್ಕೂ ಮಡಕಶಿರಕ್ಕೂ ನೂರು ಕಿಲೋಮೀಟರ್ ಮೇಲೆ ದೂರ. ಅಲ್ಲಿಂದ ಇಲ್ಲಿಗೆ ಹೆಣ್ಣು ತಂದು, ಇಲ್ಲಿಂದ ಅಲ್ಲಿಗೆ ಹೆಣ್ಣು ಕೊಟ್ಟು ನಮ್ಮ ಜನ ಸಂಬಂಧ ಇಟ್ಟುಕೊಂಡಿದ್ದಾರೆ. ನಮ್ಮ ತಾಯಿ ರಾಯದುರ್ಗದ ಕಡೆಯವರು. ಈ ಲೇಖನದಲ್ಲಿ ಬರುವ ಬೇಸ್ ಗಿಟಾರಿನವರು ಅವರ ತಮ್ಮ, ನನ್ನ ಸೋದರಮಾವ. ಹೆಸರು ಹಾಕಬ್ಯಾಡ ಅಂದಿದ್ದಾರೆ, ಹಾಕೋದಿಲ್ಲ.

ಆದರೆ ಬೇಸ್ ಗಿಟಾರಿಗೆ ಮುಂಚೆ ತಮಟೆ. ಇಲ್ಲಿ ಕನ್ನಡದೋರು ತಮಟೆ, ಹಲಗೆ ಅಂತಾರೆ, ತೆಲುಗಿನೋರು ತಪ್ಪೆಟ, ಡಪ್ಪು ಅಂತಾರೆ. ಮರದ ಬಳೆಗೆ ಚರ್ಮ ಬಿಗಿದು, ಎಡ ಭುಜಕ್ಕೆ ನೇತು ಹಾಕಿಕೊಂಡು, ಒಂದು ಕೈಯಲ್ಲಿ ಮೋಟು ಕೋಲು, ಇನ್ನೊಂದು ಕೈಯಲ್ಲಿ ಉದ್ದನೆಯ ತೆಳ್ಳನೆ ಕಡ್ಡಿ ಹಿಡಿದು ಬಾರಿಸೋದು. ತೆಲುಗಿನಲ್ಲಿ ಆ ಎರಡಕ್ಕೂ ಸಿರ್ರ, ಚಿಟಿಕೆನ ಪುಲ್ಲ ಅಂತ ಬೇರೆ ಬೇರೆ ಹೆಸರೇ ಇದೆ. ಬಾರಿಸೋ ಮುಂಚೆ ಹುಲ್ಲು ಉರಿಸಿ ಚರ್ಮ ಕಾಯಿಸಬೇಕು. ಕಾದರೆ ಚರ್ಮ ಬಿಗಿಯುತ್ತೆ, ದನಿ ಏಳುತ್ತೆ. ನಡುವೆ ಹೊಡೆದರೆ ದಪ್ಪ ದನಿ, ಅಂಚಿಗೆ ಹೊಡೆದರೆ ಚುರುಕು ದನಿ. ಐದಾರು ಜನ ಸೇರಿದಾಗ ಒಬ್ಬರೋ ಇಬ್ಬರೋ ಬರೀ ನಡುವಿನ ಪೆಟ್ಟನ್ನೇ ಹಿಡಿದುಕೊಂಡು ನಿಂತಿರುತ್ತಾರೆ. ಕುಣಿಯೋರ ಕಣ್ಣು ಅವರ ಕಡೆ ಹೋಗೋದಿಲ್ಲ, ಮುಂದೆ ನಿಂತು ಸುತ್ತಿ ಬಾರಿಸೋರ ಕಡೆಗೇ ಹೋಗುತ್ತೆ. ಆ ನಡುವಿನ ಪೆಟ್ಟು ತಪ್ಪಿದರೆ ಮಾತ್ರ ಎಲ್ಲರ ಕಾಲೂ ತಪ್ಪುತ್ತೆ.

ಈ ತಮಟೆ ಯಾರಿಗಾಗಿ ಬಾರಿಸುತ್ತಿದ್ದರು? ಊರಲ್ಲಿ ಸಾವಾದರೆ, ಜಾತ್ರೆಯಾದರೆ, ಡಂಗುರ ಸಾರಬೇಕಾದರೆ ಕೇರಿಗೆ ಕರೆ ಬರುತ್ತಿತ್ತು. ಬರೋದಿಲ್ಲ ಅನ್ನೋ ಹಾಗಿರಲಿಲ್ಲ. ಕೂಲಿ ಅಂದರೆ ಸುಗ್ಗಿಯಲ್ಲಿ ಒಂದಿಷ್ಟು ಕಾಳು, ಹಬ್ಬದಲ್ಲಿ ಮಿಕ್ಕಿದ ಅನ್ನ. ದೇವರ ಮುಂದೆ ಬಾರಿಸಬೇಕು, ಆದರೆ ಗುಡಿಯೊಳಗೆ ಕಾಲಿಡೋ ಹಾಗಿಲ್ಲ. ತಮಟೆಯನ್ನ ಕಲೆ, ಜಾನಪದ ಅಂತ ಈಗ ಹೊಗಳೋರು ಈ ಲೆಕ್ಕವನ್ನೂ ಜೊತೆಗೆ ಹೇಳಬೇಕು. 1927ರ ಮಾರ್ಚ್‌ನಲ್ಲಿ ಮಹಾಡ್ ಸಮ್ಮೇಳನದಲ್ಲಿ ಬಾಬಾಸಾಹೇಬರು ಸತ್ತ ದನ ಎಳೆಯೋದು, ಅದರ ಮಾಂಸ ತಿನ್ನೋದು, ಎಂಜಲಿಗೆ ಕೈ ಒಡ್ಡೋದು ಬಿಡಿ ಅಂತ ನಮ್ಮವರಿಗೆ ಹೇಳಿದರು. ಅಲ್ಲಿಂದ ಶುರುವಾದ ಮಾತು ಊರೂರಿಗೆ ಮುಟ್ಟೋದಕ್ಕೆ ಹತ್ತಾರು ವರ್ಷ ಬೇಕಾಯಿತು. ಮುಟ್ಟಿದ ಕಡೆಯೆಲ್ಲ ಬಿಟ್ಟಿ ಚಾಕರಿಯ ಜೊತೆಗೆ ತಮಟೆಯನ್ನೂ ಇಡೋಣ ಅನ್ನೋ ಮಾತು ಬಂತು.

ನಮ್ಮ ತಾತ ತಮಟೆ ಇಟ್ಟಿದ್ದು ಹಾಗೆ. ಊರ ದೊಡ್ಡ ಮನುಷ್ಯರೊಬ್ಬರ ಸಾವಿಗೆ ಕರೆ ಬಂದಾಗ ತಾತ, ಇನ್ನೂ ಮೂರು ಜನ ಹೋಗಲಿಲ್ಲ. ಎರಡು ಸುಗ್ಗಿ ಯಾರೂ ಅವರನ್ನ ಕಡಲೆಕಾಯಿ ಕೀಳೋಕೆ ಕರೆಯಲಿಲ್ಲ, ಪಾವಗಡದ ಕಡೆ ಹೋಗಿ ಕೂಲಿ ಮಾಡಿ ಬದುಕಿದರು. ಅಜ್ಜಿ ಈಗಲೂ ಈ ವಿಷಯಕ್ಕೆ ತಾತನ ಮೇಲೆ ಅರ್ಧ ಸಿಟ್ಟು, ಅರ್ಧ ಹೆಮ್ಮೆ ಇಟ್ಟುಕೊಂಡಿದ್ದಾರೆ. "ಮಾನ ಉಳೀತು, ಹೊಟ್ಟೆ ಉರೀತು" ಅಂತಾರೆ. ಆ ತಮಟೆಯನ್ನ ತಾತ ಮಾರಲಿಲ್ಲ. ಮಾರಿದ್ದರೂ ಕೊಳ್ಳೋರು ಯಾರು? ಅಟ್ಟದ ಮೇಲೆ ಇಟ್ಟರು, ಚರ್ಮವನ್ನ ಇಲಿ ತಿಂದವು, ಬಳೆ ಒಲೆಗೆ ಹೋಯಿತು.

ಬಲವಂತದ ಬಿಟ್ಟಿ ದುಡಿಮೆಯನ್ನ 1989ರ ದೌರ್ಜನ್ಯ ತಡೆ ಕಾಯ್ದೆ ಅಪರಾಧ ಅಂತ ಮಾಡಿತು. ಕಾಯ್ದೆ ಬರೋಕೆ ಮುಂಚೆಯೇ ಬೇಡ ಅಂದವರು ನಮ್ಮಲ್ಲಿ ಎಷ್ಟೋ ಜನ. ಅವರ ಪಟ್ಟಿ ಯಾವ ಕಚೇರಿಯಲ್ಲೂ ಸಿಗೋದಿಲ್ಲ.

ಇದೇ ಹೊತ್ತಿಗೆ ತಮಟೆ ಇನ್ನೊಂದು ದಾರಿ ಹಿಡಿಯಿತು. ಕರ್ನಾಟಕದಲ್ಲಿ 1973ರ ಬೂಸಾ ಗಲಾಟೆಯ ಬಳಿಕ ಪ್ರೊ. ಬಿ. ಕೃಷ್ಣಪ್ಪ, ದೇವನೂರ ಮಹಾದೇವ, ಸಿದ್ದಲಿಂಗಯ್ಯ ಇವರೆಲ್ಲ ಕಟ್ಟಿದ ದಲಿತ ಸಂಘರ್ಷ ಸಮಿತಿಯ ಜಾಥಾಗಳಲ್ಲಿ ತಮಟೆ ಹೋರಾಟದ ಹಾಡಿಗೆ ಜೊತೆಯಾಯಿತು. ಇತ್ತ ಆಂಧ್ರದಲ್ಲಿ 1985ರ ಜುಲೈ 17ರಂದು ಕಾರಂಚೇಡು ಹತ್ಯೆ ನಡೆದು ದಲಿತ ಮಹಾಸಭಾ ಹುಟ್ಟಿತು, ಗದ್ದರ್ ಅವರ ಹಾಡಿನ ಜೊತೆ ಡಪ್ಪು ಊರೂರು ಸುತ್ತಿತು. 1994ರಲ್ಲಿ ಮಂದ ಕೃಷ್ಣ ಮಾದಿಗ ಅವರು ದಂಡೋರ ಚಳವಳಿ ಶುರು ಮಾಡಿದಾಗ ಹೆಸರಲ್ಲೇ ಡಂಗುರ ಇತ್ತು. ಊರಿನ ಸುದ್ದಿಯನ್ನ ಸಾರುತ್ತಿದ್ದವರು ತಮ್ಮ ಸುದ್ದಿಯನ್ನ ತಾವೇ ಸಾರಿಕೊಂಡರು. ಕೆಲವರು ಅದನ್ನ ಇಟ್ಟರು, ಕೆಲವರು ಎತ್ತಿಕೊಂಡರು. ಇಬ್ಬರದೂ ಒಂದೇ ಸಿಟ್ಟು ಅಂತ ನನಗೆ ಅನಿಸುತ್ತೆ. ಇದರಲ್ಲಿ ಯಾರು ಸರಿ ಅಂತ ನಮ್ಮ ಸಂಘದಲ್ಲೇ ಎರಡು ಸಲ ಜಗಳ ಆಗಿದೆ.

ತಮಟೆ ಇಟ್ಟ ಮನೆಗಳ ಕೆಲವು ಹುಡುಗರು ಬ್ಯಾಂಡ್ ಸೆಟ್ಟಿಗೆ ಸೇರಿದರು. ಟ್ರಂಪೆಟ್, ಕ್ಲಾರಿನೆಟ್, ದೊಡ್ಡ ಡ್ರಮ್ಮು, ಕೆಂಪು ಕೋಟು. ಈ ಹಿತ್ತಾಳೆ ವಾದ್ಯಗಳು ಬಹಳಮಟ್ಟಿಗೆ ಉತ್ತರ ಪ್ರದೇಶದ ಮೀರತ್ತಿನಲ್ಲಿ ತಯಾರಾಗುತ್ತವೆ. ಅಲ್ಲಿ ಜಲಿ ಕೋಠಿ ಅನ್ನೋ ಬೀದಿಯೇ ಇದಕ್ಕೆ ಹೆಸರಾಗಿದೆ, ನಾದಿರ್ ಅಲಿ ಕಂಪನಿ 1885ರಿಂದ ಅಲ್ಲಿದೆ. ಬ್ಯಾಂಡಿನವರಿಗೆ ಕೋಟು ಇದ್ದರೂ ಮದುವೆ ಮನೆಯಲ್ಲಿ ಊಟ ಹೊರಗೇ. ಅದರ ಬಗ್ಗೆ ಹೆಚ್ಚು ಹೇಳೋಕೆ ಹೋಗೋದಿಲ್ಲ, ಯಾಕಂದರೆ ನನಗೆ ಹೇಳಬೇಕಾಗಿರೋದು ಆಮೇಲೆ ಬಂದ ಆರ್ಕೆಸ್ಟ್ರಾದ ಕಥೆ.

ಆರ್ಕೆಸ್ಟ್ರಾ ಅಂದರೆ ನಮ್ಮ ಕಡೆ ವೇದಿಕೆ ಮೇಲೆ ಸಿನಿಮಾ ಹಾಡು ಹಾಡೋ ತಂಡ. ಗಣೇಶನ ಹಬ್ಬ, ಜಾತ್ರೆ, ಮದುವೆ, ಏಪ್ರಿಲ್ 14ರ ಜಯಂತಿ, ಎಲ್ಲದಕ್ಕೂ ಬೇಕಾಗಿತ್ತು. ಹಾಡೋರು ಇಬ್ಬರು, ಕೀಬೋರ್ಡು, ಡ್ರಮ್ಸು, ಗಿಟಾರ್ ಎರಡು. ಒಂದು ಗಿಟಾರಿಗೆ ಆರು ತಂತಿ. ಇನ್ನೊಂದಕ್ಕೆ ನಾಲ್ಕೇ ತಂತಿ, ಅವೂ ದಪ್ಪ. ಅದೇ ಬೇಸ್ ಗಿಟಾರ್. ಮಾಮೂಲಿ ಗಿಟಾರಿನ ಮೇಲಿನ ನಾಲ್ಕು ತಂತಿಗಳ ಸ್ವರಗಳೇ ಇದರಲ್ಲೂ, ಆದರೆ ಒಂದು ಸ್ಥಾಯಿ ಕೆಳಗೆ. ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಅದುರುತ್ತೆ. ಅದು ಕಿವಿಗಿಂತ ಎದೆಗೆ ಜಾಸ್ತಿ ಕೇಳಿಸುತ್ತೆ ಅಂತ ಮಾವ ಹೇಳ್ತಾರೆ.

ಇದು ಬಹಳ ಹಳೆ ವಾದ್ಯ ಅಲ್ಲ. ಮೊದಲು ಆಳೆತ್ತರದ ಡಬಲ್ ಬಾಸ್ ನಿಲ್ಲಿಸಿಕೊಂಡು ನುಡಿಸುತ್ತಿದ್ದರು. ಅದನ್ನ ಹೊತ್ತುಕೊಂಡು ತಿರುಗೋದು ಕಷ್ಟ, ದನಿಯೂ ಸಾಲದು. 1936ರ ಸುಮಾರಿಗೆ ಅಮೆರಿಕದ ಸಿಯಾಟಲ್‌ನಲ್ಲಿ ಪಾಲ್ ಟುಟ್‌ಮಾರ್ಕ್ ಅನ್ನೋರು ವಿದ್ಯುತ್ತಿನಿಂದ ನಡೆಯೋ ಬೇಸ್ ಗಿಟಾರ್ ಮಾಡಿದರು, ಹೆಚ್ಚು ಮಾರಾಟ ಆಗಲಿಲ್ಲ. 1951ರಲ್ಲಿ ಲಿಯೋ ಫೆಂಡರ್ ಮಾಡಿದ್ದು ಜಗತ್ತಿಗೆಲ್ಲ ಹರಡಿತು. ಅದನ್ನ ನುಡಿಸಿದವರಲ್ಲಿ ದೊಡ್ಡ ಹೆಸರು ಜೇಮ್ಸ್ ಜೇಮರ್ಸನ್ ಅನ್ನೋ ಕರಿಯ ಕಲಾವಿದರದು. ಡೆಟ್ರಾಯಿಟ್‌ನ ಮೋಟೌನ್ ಕಂಪನಿಯ ಎಷ್ಟೋ ಹಿಟ್ ಹಾಡುಗಳಿಗೆ ಅವರದೇ ಬೇಸ್. ಆದರೆ 1971ರ ತನಕ ಆ ಕಂಪನಿಯ ರೆಕಾರ್ಡಿನ ಹೊದಿಕೆ ಮೇಲೆ ಅವರ ಹೆಸರೇ ಇರಲಿಲ್ಲ. 1983ರಲ್ಲಿ, 47ನೇ ವಯಸ್ಸಿನಲ್ಲಿ ತೀರಿಕೊಂಡರು, ಅದಕ್ಕೆ ಸ್ವಲ್ಪ ದಿನ ಮುಂಚೆ ಅವರ ಗಿಟಾರ್ ಕಳುವಾಗಿತ್ತು. ನಡುವಿನ ಪೆಟ್ಟು ಹಿಡಿದು ನಿಂತವರ ಕಡೆ ಯಾರೂ ನೋಡೋದಿಲ್ಲ ಅಂತ ಮೇಲೆ ಹೇಳಿದೆನಲ್ಲ, ಅಮೆರಿಕದಲ್ಲೂ ಹಾಗೇ ನಡೀತು.

ನಮ್ಮ ದಕ್ಷಿಣದಲ್ಲಿ ಬೇಸ್ ಗಿಟಾರನ್ನ ಜನರ ಕಿವಿಗೆ ಮುಟ್ಟಿಸಿದವರು ಇಳಯರಾಜ. ತಮಿಳುನಾಡಿನ ಪಣ್ಣೈಪುರಂನ ದಲಿತ ಕುಟುಂಬದಲ್ಲಿ 1943ರಲ್ಲಿ ಹುಟ್ಟಿದವರು. ತಮ್ಮನ್ನ ಆ ಹೆಸರಿನಿಂದ ಕರೆಯೋದು ಅವರಿಗೆ ಇಷ್ಟ ಇಲ್ಲ, ಅದು ಅವರ ನಿಲುವು. ಅಣ್ಣ ಪಾವಲರ್ ವರದರಾಜನ್ ಕಮ್ಯುನಿಸ್ಟ್ ಪಕ್ಷದ ಸಭೆಗಳಲ್ಲಿ ಹಾಡುತ್ತಿದ್ದರು, ತಮ್ಮಂದಿರು ಆ ತಂಡದಲ್ಲಿ ನುಡಿಸುತ್ತ ಊರೂರು ತಿರುಗಿದರು. ಮದ್ರಾಸಿಗೆ ಹೋಗಿ ನೋಡ್ತೀವಿ ಅಂತ ಹೊರಟಾಗ ತಾಯಿ ಮನೆಯಲ್ಲಿದ್ದ ರೇಡಿಯೋ ಮಾರಿ 400 ರೂಪಾಯಿ ಕೊಟ್ಟರು. ಮದ್ರಾಸಿನಲ್ಲಿ ಅವರಿಗೆ ಕೆಲಸ ಕೊಟ್ಟವರಲ್ಲಿ ಮುಖ್ಯರಾದವರು ನಮ್ಮ ಕನ್ನಡ ಸಿನಿಮಾದ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್. 'ಬಂಗಾರದ ಮನುಷ್ಯ'ಕ್ಕೆ ಸಂಗೀತ ಕೊಟ್ಟವರು. ಅವರ ಹತ್ತಿರ ಗಿಟಾರ್ ನುಡಿಸುತ್ತ, ಸಹಾಯಕರಾಗಿ ದುಡಿಯುತ್ತ ಇಳಯರಾಜ ಎಷ್ಟೋ ಕನ್ನಡ ಚಿತ್ರಗಳಿಗೆ ಕೆಲಸ ಮಾಡಿದರು. 1976ರಲ್ಲಿ ಸ್ವಂತವಾಗಿ ಮೊದಲ ತಮಿಳು ಚಿತ್ರ ಬಂತು, 1981ರಲ್ಲಿ ಶಂಕರ್ ನಾಗ್ ಅವರ 'ಗೀತಾ'.

'ಗೀತಾ' ಕ್ಯಾಸೆಟ್ಟೇ ಮಾವನ ಗುರು. ಮಾವ ಹಗಲು ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟ್ ಹೊಲಿಯೋ ಕೆಲಸ, ರಾತ್ರಿ ಟೇಪ್ ರೆಕಾರ್ಡರ್ ಮುಂದೆ ಕೂತು ಒಂದೇ ಹಾಡನ್ನ ಹಿಂದಕ್ಕೆ ತಿರುಗಿಸಿ ತಿರುಗಿಸಿ ಕೇಳೋರು. "ಹಾಡೋರು ಒಂದು ದಾರೀಲಿ ಹೋಗ್ತಾ ಇರ್ತಾರೆ ಕಣೋ, ಬೇಸ್ ಇನ್ನೊಂದು ದಾರೀಲಿ ನಡಕೊಂಡು ಬಂದು ಸರಿಯಾಗಿ ತಿರುವಿನಲ್ಲಿ ಸಿಕ್ಕುತ್ತೆ. ಅದು ಗೊತ್ತಾಗೋಕೆ ನನಗೆ ಆರು ತಿಂಗಳು ಹಿಡೀತು" ಅಂತಾರೆ. ಮೊದಲು ಗಿಟಾರ್ ಹಿಡಿದಿದ್ದು ಪಕ್ಕದ ಬೀದಿಯ ಚರ್ಚಿನಲ್ಲಿ. ನಮ್ಮ ಕಡೆ ಕೇರಿಗಳಿಗೆ ಗಿಟಾರ್ ಬಂದಿದ್ದು ಬಹಳಮಟ್ಟಿಗೆ ಚರ್ಚಿನ ಬಾಗಿಲಿಂದಲೇ. ಮಾವ ಕ್ರಿಶ್ಚಿಯನ್ ಅಲ್ಲ, ಆದರೆ ಭಾನುವಾರ ಯಾರೂ ಬೇಡ ಅನ್ನಲಿಲ್ಲ.

1999ರಲ್ಲಿ ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ಗಿವ್ಸನ್ ಬೇಸ್ ತಂದರು. ಕೊಲ್ಕತ್ತಾದಲ್ಲಿ ತಯಾರಾದದ್ದು, 3,200 ರೂಪಾಯಿ. ಆಗ ಒಂದು ರಾತ್ರಿ ನುಡಿಸಿದರೆ ತಲೆಗೆ 150 ರೂಪಾಯಿ, ಊಟ, ಲಾರಿಯಲ್ಲಿ ವಾಪಸ್. ಅವರು ಯಾವತ್ತೂ ಇದನ್ನ ಉದ್ಯೋಗ ಅಂತ ಮಾಡಲಿಲ್ಲ, ಹೊಲಿಗೆ ಬಿಡಲೂ ಇಲ್ಲ. ಬಳ್ಳಾರಿ, ಮೊಳಕಾಲ್ಮೂರು, ಕಲ್ಯಾಣದುರ್ಗ, ಒಂದು ಸಲ ನಮ್ಮ ಮಡಕಶಿರ. ಊರ ನಡುವಿನ ವೇದಿಕೆ ಮೇಲೆ ನಮ್ಮವರು ಚಪ್ಪಲಿ ಹಾಕಿಕೊಂಡು ನಿಂತು, ಎಲ್ಲ ಜಾತಿಯವರ ಮುಂದೆ ನುಡಿಸಿ, ಕೊಟ್ಟ ಮಾತಿನ ಪ್ರಕಾರ ದುಡ್ಡು ಎಣಿಸಿಕೊಂಡು ಬಂದರು. ತಾತ ಹೊರಗೆ ನಿಂತು ಬಾರಿಸಿದ್ದ ಗುಡಿ ಬಯಲು ಅದೇ. ನನಗೆ ಇದು ಸಣ್ಣ ವಿಷಯ ಅಂತ ಕಾಣೋದಿಲ್ಲ. ಹಾಗಂತ ದೊಡ್ಡದು ಮಾಡಿಯೂ ಹೇಳೋದಿಲ್ಲ. ಎಲ್ಲಾ ಊರಲ್ಲೂ ಮರ್ಯಾದೆ ಸಿಗಲಿಲ್ಲ, ಒಂದು ಊರಲ್ಲಿ ಹಾಡೋ ಹುಡುಗಿಯ ಜಾತಿ ಕೇಳಿದ ಮೇಲೆ ಊಟದ ಎಲೆ ಬೇರೆ ಕಡೆ ಹಾಕಿದರಂತೆ.

ಬೇಸ್ ನುಡಿಸೋರ ಕೆಲಸ ಮೊದಲು ಕಿತ್ತುಕೊಂಡಿದ್ದು ಡಿಜೆ ಅಂತ ಎಲ್ಲರೂ ಹೇಳ್ತಾರೆ. ಮಾವನ ಲೆಕ್ಕ ಬೇರೆ. ಮೊದಲು ಬಂದಿದ್ದು ಕೀಬೋರ್ಡು. ಹೊಸ ಕೀಬೋರ್ಡಿನಲ್ಲಿ ಎಡಗೈಲಿ ಮೂರು ಮನೆ ಒತ್ತಿದರೆ ಸಾಕು, ತಾಳ, ಬೇಸ್ ಎರಡನ್ನೂ ಅದೇ ನುಡಿಸುತ್ತೆ. ಆಮೇಲೆ ಆಕ್ಟೋಪ್ಯಾಡು ಬಂದು ಡ್ರಮ್ಸ್ ಹೊತ್ತುಕೊಂಡು ಹೋಗೋದು ತಪ್ಪಿತು. ಎಂಟು ಜನರ ತಂಡ ನಾಲ್ಕು ಜನರದಾಯಿತು. ಅದರ ನಂತರ ಹಾಡನ್ನ ಪೆನ್‌ಡ್ರೈವಿನಲ್ಲಿ ಹಾಕಿ, ಅದರ ಮೇಲೆ ಬರೀ ಬಾಯಲ್ಲಿ ಹಾಡೋದು ಬಂತು. ಬೇಸ್ ಗಿಟಾರ್ ಕೊರಳಿಗೆ ಹಾಕಿಕೊಂಡು ಸುಮ್ಮನೆ ನಿಂತುಕೋ, ನೋಡೋಕೆ ಚೆನ್ನಾಗಿರುತ್ತೆ ಅಂತ ಒಬ್ಬರು ಹೇಳಿದರಂತೆ. ತಂತಿಗೆ ವೈರ್ ಸಿಕ್ಕಿಸದೇ ಎರಡು ಕಾರ್ಯಕ್ರಮ ಹಾಗೆ ನಿಂತಿದ್ದರು. ಆ ಎರಡು ರಾತ್ರಿಯ ದುಡ್ಡು ಈಗ ನೆನಪಿಸಿಕೊಂಡರೂ ಮುಜುಗರ ಅಂತಾರೆ.

2020ರ ಮಾರ್ಚ್ 25, ಯುಗಾದಿ. ಅವತ್ತೇ ಲಾಕ್‌ಡೌನ್ ಶುರು. ನಮ್ಮ ಕಡೆ ಯುಗಾದಿಯಿಂದ ಮುಂದೆ ಎರಡು ಮೂರು ತಿಂಗಳೇ ಜಾತ್ರೆ, ಮದುವೆ, ಜಯಂತಿಯ ಕಾಲ. ಮೊದಲ 21 ದಿನ ಮುಗಿಯಬೇಕಾಗಿದ್ದು ಏಪ್ರಿಲ್ 14ಕ್ಕೆ, ಅವತ್ತೇ ಇನ್ನೂ ಮುಂದಕ್ಕೆ ಹೋಯಿತು. ಆ ವರ್ಷ ಒಂದೂ ಕಾರ್ಯಕ್ರಮ ಇಲ್ಲ, ಮರುವರ್ಷ ಎರಡನೇ ಅಲೆ. ಪ್ಯಾಂಟ್ ಹೊಲಿಯೋ ಕೆಲಸವೂ ನಿಂತಿತ್ತು. ತಂಡದವರು ಬೇರೆ ಬೇರೆ ಕಡೆ ಹೋದರು. ಮಗಳಿಗೆ ನರ್ಸಿಂಗ್ ಸೀಟ್ ಸಿಕ್ಕಾಗ ಮಾವ ವಾದ್ಯಗಳನ್ನ ಒಂದೊಂದೇ ಮಾರಲು ಶುರು ಮಾಡಿದರು. ಆಕ್ಟೋಪ್ಯಾಡು 14,000ಕ್ಕೆ ಅನಂತಪುರದವರಿಗೆ ಹೋಯಿತು. ಆಂಪ್ಲಿಫೈಯರು 4,000ಕ್ಕೆ ಶಾಮಿಯಾನ, ಸೌಂಡ್ ಬಾಡಿಗೆಗೆ ಕೊಡೋರು ತಗೊಂಡರು. ಕಾಂಗೋ ಜೋಡಿಯನ್ನ ಯಾರೂ ಕೇಳಲಿಲ್ಲ. ಬೇಸ್ ಗಿಟಾರನ್ನ ಕಲ್ಯಾಣದುರ್ಗದ ಚರ್ಚಿನ ಹುಡುಗನೊಬ್ಬ 2,800ಕ್ಕೆ ಕೊಂಡ. ಅವನಿಗೆ ನುಡಿಸೋಕೆ ಬರುತ್ತಿರಲಿಲ್ಲ. ಮಾವ ಒಂದು ಮಧ್ಯಾಹ್ನ ಪೂರ್ತಿ ಕೂರಿಸಿಕೊಂಡು ಬೆರಳು ಇಡೋದು ತೋರಿಸಿ, ಹೊಸ ತಂತಿ ಒಂದು ಸೆಟ್ ಸುಮ್ಮನೆ ಕೊಟ್ಟು ಕಳಿಸಿದರು.

ಬೇಜಾರಾಗಲಿಲ್ವಾ ಮಾವ ಅಂತ ಕೇಳಿದೆ. "ನಿಮ್ಮ ತಾತ ತಮಟೆ ಇಟ್ಟಾಗ ಅವರನ್ನ ಹೆದರಿಸಿದೋರು ಇದ್ದರು. ನನಗೆ ಯಾರೂ ಹೆದರಿಸಲಿಲ್ಲ, ಯಾರೂ ಕರೀಲೂ ಇಲ್ಲ. ನನ್ನ ವಾದ್ಯ ನಾನು ಕೊಂಡೆ, ನಾನೇ ಮಾರಿದೆ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಎಡಗೈ ಬೆರಳು ಮಾತ್ರ ಮಲಗಿದಾಗ ಅದುರುತ್ತವೆ" ಅಂದರು.

ಈಗ ಮೆರವಣಿಗೆಗಳಲ್ಲಿ ಬೇಸ್ ಇಲ್ಲ ಅಂತಲ್ಲ, ಅದೇ ಜಾಸ್ತಿ ಆಗಿದೆ. ಡಿಜೆ ಗಾಡಿಯಲ್ಲಿ ಹದಿನೆಂಟು ಇಂಚಿನ ಸ್ಪೀಕರುಗಳನ್ನ ಜೋಡಿಸೋದು ದಪ್ಪ ದನಿಗೋಸ್ಕರವೇ. ಎದೆ ನಡುಗುತ್ತೆ, ಮನೆ ಹಂಚು ಅದುರುತ್ತೆ. ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಧ್ವನಿವರ್ಧಕ ಹಾಕಬಾರದು ಅಂತ ಸುಪ್ರೀಂ ಕೋರ್ಟ್ 2005ರಲ್ಲೇ ಹೇಳಿದೆ, ಯಾರು ಕೇಳ್ತಾರೆ! ಹುಡುಗರು ಕುಣಿಯೋದನ್ನ ನಾನು ತಪ್ಪು ಅನ್ನೋದಿಲ್ಲ, ನಾನೂ ಕುಣಿದಿದ್ದೀನಿ. ಆದರೆ ಆ ದನಿಯ ದುಡ್ಡು ಗಾಡಿ ಇಟ್ಟವರಿಗೆ ಹೋಗುತ್ತೆ, ಬೆರಳು ಇಟ್ಟವರಿಗೆ ಹೋಗೋದಿಲ್ಲ.

ಅತ್ತ ತಮಟೆಗೆ ಈಗ ಸರ್ಕಾರದ ಕಣ್ಣು ಬಿದ್ದಿದೆ. 2023ರಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪ ಅವರಿಗೆ ತಮಟೆಗಾಗಿಯೇ ಪದ್ಮಶ್ರೀ ಬಂತು. ಹಿಂದೂಪುರ ದಾಟಿ ಹೋದರೆ ಆ ಕಡೆಯ ಊರು, ನಮಗೆ ದೂರದವರಲ್ಲ. ನಮ್ಮ ರಾಜ್ಯದಲ್ಲಿ ಡಪ್ಪು ಕಲಾವಿದರಿಗೆ ಪಿಂಚಣಿ ಇದೆ, 2024ರ ಜುಲೈನಿಂದ ತಿಂಗಳಿಗೆ 4,000 ರೂಪಾಯಿ. ಚೆನ್ನೈನಲ್ಲಿ ಪಾ. ರಂಜಿತ್ ಅವರ ನೀಲಂ ಸಂಸ್ಥೆ ಕಟ್ಟಿದ 'ಕ್ಯಾಸ್ಟ್‌ಲೆಸ್ ಕಲೆಕ್ಟಿವ್' ತಂಡ 2018ರ ಜನವರಿಯಲ್ಲಿ ಮೊದಲ ಸಲ ವೇದಿಕೆ ಹತ್ತಿದಾಗ ಪರೈ ವಾದ್ಯವೂ ಬೇಸ್ ಗಿಟಾರೂ ಒಂದೇ ಸಾಲಿನಲ್ಲಿ ನಿಂತಿದ್ದವು. ಅದರ ವಿಡಿಯೋ ಮಾವನಿಗೆ ತೋರಿಸಿದೆ. ಪೂರ್ತಿ ನೋಡಿ, "ಬೇಸ್ ಸ್ವಲ್ಪ ಮುಂದೆ ತರಬೇಕಿತ್ತು" ಅಂದರು. ಅಷ್ಟೇ.

ನಮ್ಮ ತಾತನಿಗೆ ಪಿಂಚಣಿಯಲ್ಲಿ ಹೆಸರು ಬರೋ ಹಾಗಿರಲಿಲ್ಲ. ತಮಟೆ ಬಾರಿಸೋರಿಗೆ ಅದು, ಇಟ್ಟವರಿಗೆ ಅಲ್ಲ. ಮಾವನಿಗೆ ಯಾವ ಪಟ್ಟಿಯೂ ಇಲ್ಲ. ತಮಟೆ ಬಿಟ್ಟವರು ಸಂಸ್ಕೃತಿ ಹಾಳು ಮಾಡಿದರು ಅಂತ ಈಚೆಗೆ ಕೆಲವರು ಭಾಷಣ ಮಾಡ್ತಾರೆ. ಅಂಥವರು ಒಂದು ಸುಗ್ಗಿ ಕೂಲಿ ಇಲ್ಲದೆ ಇದ್ದು ನೋಡಿ ಆಮೇಲೆ ಮಾತಾಡಲಿ.

ಕೊನೆಗೆ ಸಂಘದ ಮುಂದೆ ಒಂದು ಲೆಕ್ಕ ಇಡಬೇಕು. ಕಳೆದ ಏಪ್ರಿಲ್ 14ರ ಮೆರವಣಿಗೆಗೆ ನಾವು ಡಿಜೆಗೆ ಕೊಟ್ಟಿದ್ದು 38,000. ಪಕ್ಕದ ಮಂಡಲದ ಎಂಟು ಜನರ ತಮಟೆ ತಂಡ ಕೇಳಿದ್ದು 12,000, ಅದು ಜಾಸ್ತಿ ಆಯಿತು ಅಂತ ಬೇಡ ಅಂದೆವು. ಈ ವರ್ಷ ಆ ಎಂಟು ಜನರನ್ನ ಕರೆದು, ಕೇಳಿದಷ್ಟು ಕೊಟ್ಟು, ನಮ್ಮ ಜೊತೆ ಒಂದೇ ಪಂಕ್ತಿಯಲ್ಲಿ ಕೂರಿಸಿ ಊಟ ಹಾಕೋಣ. ರಾತ್ರಿ ಕಾರ್ಯಕ್ರಮಕ್ಕೆ ಮಾವ ಬರ್ತೀನಿ ಅಂದಿದ್ದಾರೆ, ಗಿಟಾರ್ ಮಾತ್ರ ಬಾಡಿಗೆಗೆ ತರಬೇಕು. ಕಲ್ಯಾಣದುರ್ಗದ ಹುಡುಗನ ಫೋನ್ ನಂಬರ್ ನನ್ನ ಹತ್ತಿರ ಇದೆ. ನಿಮ್ಮ ಮನೆಯಲ್ಲಿ ಹಳೆ ತಮಟೆಯ ಬಳೆ, ಬ್ಯಾಂಡಿನ ಕೋಟು, ಆರ್ಕೆಸ್ಟ್ರಾದ ಫೋಟೋ ಏನಾದರೂ ಇದ್ದರೆ ಗುಜರಿಯವರಿಗೆ ಹಾಕೋ ಮುಂಚೆ ನನಗೆ ಒಂದು ಮಾತು ಹೇಳಿ, ಬಂದು ಬರೆದುಕೊಂಡು ಹೋಗ್ತೀನಿ.